ಚೆನ್ನಮ್ಮ ಸರ್ಕಲ್‌ನಿಂದ ನವನಗರಕ್ಕೆ ಹತ್ತಿರದ ದಾರಿ: ಕ್ಲಸ್ಟರ್ ಮೇಲೆ ಲೆಕ್ಕ ಹಾಕುವುದು ಹೇಗೆ?

ಫೈನಲ್ ಇಯರ್ ಪ್ರಾಜೆಕ್ಟ್ ಸಮಯ ಬಂತೆಂದರೆ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಗೆ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ‘ಸರ್, ಪ್ರೋಗ್ರಾಂ ರಾತ್ರಿಯಿಡೀ ಓಡಿದೆ, ಇನ್ನೂ ಮುಗಿದಿಲ್ಲ’ ಎಂದು ಒಬ್ಬರು. ‘ಮುಗಿದಿದೆ ಸರ್, ಆದರೆ ದೂರ ಮೈನಸ್ ಬಂದಿದೆ’ ಎಂದು ಇನ್ನೊಬ್ಬರು. ಇಬ್ಬರ ತಪ್ಪೂ ಹೆಚ್ಚುಕಡಿಮೆ ಅದೇ ನಾಲ್ಕು ಸಾಲುಗಳಲ್ಲಿ ಇರುತ್ತದೆ. ಆ ಸಾಲುಗಳನ್ನು ನಿಧಾನವಾಗಿ ಬಿಡಿಸಿ ಹೇಳಬೇಕೆಂದೇ ಈ ಲೇಖನ.

ಮೊದಲು ಒಂದು ಮಾತು. ಹುಬ್ಬಳ್ಳಿ-ಧಾರವಾಡದ ರಸ್ತೆಗಳಷ್ಟೇ ನಿಮ್ಮ ಡೇಟಾ ಆಗಿದ್ದರೆ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಹಲವು ಯಂತ್ರಗಳು) ಬೇಡ. ಹತ್ತಿರದ ದಾರಿ ಹುಡುಕಲು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಗ್ರಾಫ್ (ಜಾಗಗಳು ಮತ್ತು ಅವನ್ನು ಜೋಡಿಸುವ ದಾರಿಗಳ ಜಾಲ) ಒಂದು ಯಂತ್ರದ ಮೆಮೊರಿಗೆ ಹಿಡಿಸದಿದ್ದಾಗ, ಅಥವಾ ಡೇಟಾ ಆಗಲೇ ಹತ್ತಾರು ಯಂತ್ರಗಳ ಮೇಲೆ ಹರಡಿಕೊಂಡಿದ್ದಾಗ ಕ್ಲಸ್ಟರ್ ಹಿಡಿಯಿರಿ. ಆದರೆ ಕಲಿಯುವುದನ್ನು ನಮ್ಮೂರಿನ ನಕ್ಷೆಯಿಂದಲೇ ಶುರು ಮಾಡಿ. ಉತ್ತರ ತಪ್ಪಾದರೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಡೈಕ್‌ಸ್ಟ್ರಾ ವಿಧಾನವನ್ನು ಹಾಗೇ ಎತ್ತಿ ಕ್ಲಸ್ಟರ್ ಮೇಲೆ ಇಡಲು ಬರುವುದಿಲ್ಲ. ಅದು ಪ್ರತಿ ಸಲ ಇಡೀ ಗ್ರಾಫಿನಲ್ಲಿ ಅತಿ ಹತ್ತಿರದ ಒಂದೇ ಜಾಗವನ್ನು ಆರಿಸುತ್ತದೆ. ಆ ಒಂದಕ್ಕಾಗಿ ಎಲ್ಲ ಯಂತ್ರಗಳೂ ಕಾಯಬೇಕು. ಗೂಗಲ್‌ನವರು 2010ರಲ್ಲಿ ಪ್ರಕಟಿಸಿದ ಪ್ರೆಗೆಲ್ ಪದ್ಧತಿ ಬೇರೆ ಥರ. ಪ್ರತಿಯೊಂದು ವರ್ಟೆಕ್ಸ್ (ಗ್ರಾಫಿನ ಒಂದು ಜಾಗ) ತನ್ನ ಲೆಕ್ಕ ತಾನೇ ಮಾಡಿ ಪಕ್ಕದವರಿಗೆ ಮೆಸೇಜ್ ಕಳಿಸುತ್ತದೆ. ಎಲ್ಲರದೂ ಮುಗಿದ ಮೇಲೆ ಮುಂದಿನ ಸುತ್ತು. ಈ ಸುತ್ತಿಗೆ ಸೂಪರ್‌ಸ್ಟೆಪ್ ಎನ್ನುತ್ತಾರೆ.

ಹಂತ 1: ಕ್ಲಸ್ಟರ್ ಮೇಲೆ ಲೆಕ್ಕ ಓಡಿಸುವ ತಂತ್ರಾಂಶ ಸ್ಪಾರ್ಕ್ ಹಾಕಿಕೊಳ್ಳಿ. ಅದರೊಳಗೇ ಗ್ರಾಫ್ ಲೆಕ್ಕಕ್ಕೆಂದು ಗ್ರಾಫ್‌ಎಕ್ಸ್ ಇದೆ, ಪ್ರೆಗೆಲ್ ಅದರಲ್ಲೇ ಸಿಗುತ್ತದೆ. ಹಳೆ ಟ್ಯುಟೋರಿಯಲ್ ನೋಡಿ ಅದೇ ಥರದ ಇನ್ನೊಂದು ತಂತ್ರಾಂಶ ಜಿರಾಫ್ ಹಿಂದೆ ಬೀಳಬೇಡಿ, ಆ ಯೋಜನೆ 2023ರಲ್ಲಿ ನಿವೃತ್ತಿಯಾಗಿದೆ.

ಹಂತ 2: ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ ರಸ್ತೆಗಳನ್ನು ತೆಗೆದುಕೊಳ್ಳಿ. ವರ್ಟೆಕ್ಸ್ ನಂಬರನ್ನು ಲಾಂಗ್ (64 ಬಿಟ್ ಪೂರ್ಣಾಂಕ) ಆಗಿಯೇ ಇಡಿ, 32 ಬಿಟ್‌ನ ಇಂಟ್‌ಗೆ ಅವು ಹಿಡಿಸುವುದಿಲ್ಲ. ಗ್ರಾಫ್‌ಎಕ್ಸ್‌ನಲ್ಲಿ ಪ್ರತಿ ಎಡ್ಜ್‌ಗೂ (ಎರಡು ವರ್ಟೆಕ್ಸ್‌ಗಳ ನಡುವಿನ ಕೊಂಡಿಗೂ) ದಿಕ್ಕು ಇದೆ. ಹಾಗಾಗಿ ಎರಡೂ ಕಡೆ ಓಡಾಡುವ ರಸ್ತೆಗೆ ಎರಡು ಎಡ್ಜ್ ಬೇಕು, ಒನ್‌ವೇಗೆ ಒಂದೇ. ಬಸ್ಸಿಗೆ ಮಾತ್ರ ಎಂದು ಗುರುತಿರುವ ದಾರಿಗಳನ್ನು ಸೋಸಿ ತೆಗೆಯಿರಿ. ಇಲ್ಲದಿದ್ದರೆ ನಿಮ್ಮ ಕಾರು ಚಿಗರಿ ಬಸ್ಸಿನ ಲೇನ್‌ನಲ್ಲಿ ಹೋಗುತ್ತದೆ.

ಇಲ್ಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಿ. ನಕ್ಷೆಯಲ್ಲಿ ರಸ್ತೆ ತಿರುಗಿದಲ್ಲೆಲ್ಲ ಒಂದು ಚುಕ್ಕೆ ಇರುತ್ತದೆ. ಉಣಕಲ್ ಕೆರೆ ಸುತ್ತಿನ ಒಂದು ಚಿಕ್ಕ ದಾರಿಯಲ್ಲೂ ಚುಕ್ಕೆ ಮೇಲೆ ಚುಕ್ಕೆ. ಒಂದು ಸುತ್ತಿಗೆ ಮೆಸೇಜ್ ಒಂದೇ ಚುಕ್ಕೆ ಮುಂದೆ ಹೋಗುತ್ತದೆ. ಆದ್ದರಿಂದ ಚುಕ್ಕೆ ಜಾಸ್ತಿಯಾದಷ್ಟೂ ಸುತ್ತು ಜಾಸ್ತಿ. ಕವಲಿಲ್ಲದ ಚುಕ್ಕೆಗಳನ್ನು ತೆಗೆದು, ಒಂದು ಕೂಡುರಸ್ತೆಯಿಂದ ಮುಂದಿನದಕ್ಕೆ ಒಂದೇ ಉದ್ದ ಎಡ್ಜ್ ಮಾಡಿ. ದೂರಗಳನ್ನು ಕೂಡಿಸಲು ಮರೆಯಬೇಡಿ. ಯಂತ್ರ ಹೆಚ್ಚಿಸುವುದಕ್ಕಿಂತ ಇದರಿಂದಲೇ ಜಾಸ್ತಿ ಸಮಯ ಉಳಿಯುತ್ತದೆ.

ಹಂತ 3: ಪ್ರೆಗೆಲ್ ಬರೆಯುವುದು. ಇಲ್ಲಿ ಅವಸರ ಬೇಡ.

ಕೀಬೋರ್ಡ್ ಮುಟ್ಟುವ ಮೊದಲು ಹಾಳೆ ತೆಗೆದುಕೊಳ್ಳಿ. ಅಭ್ಯಾಸಕ್ಕೆಂದು ನಾನು ಕೊಡುವ ನಿಮಿಷಗಳು ಇವು: ಚೆನ್ನಮ್ಮ ಸರ್ಕಲ್‌ನಿಂದ ಹೊಸೂರಿಗೆ 5, ಹೊಸೂರಿನಿಂದ ವಿದ್ಯಾನಗರಕ್ಕೆ 4, ವಿದ್ಯಾನಗರದಿಂದ ಉಣಕಲ್‌ಗೆ 6, ಉಣಕಲ್‌ನಿಂದ ನವನಗರಕ್ಕೆ 8. ಜೊತೆಗೆ ಚೆನ್ನಮ್ಮ ಸರ್ಕಲ್‌ನಿಂದ ಉಣಕಲ್‌ಗೆ ಒಳದಾರಿ ಒಂದಿದೆ ಎಂದುಕೊಳ್ಳಿ, ಅದಕ್ಕೆ 20. ಎಲ್ಲವೂ ಎರಡು ಕಡೆಯ ರಸ್ತೆ.

ಶುರುವಿಗೆ ಚೆನ್ನಮ್ಮ ಸರ್ಕಲ್‌ಗೆ 0, ಉಳಿದವಕ್ಕೆಲ್ಲ ಅನಂತ. ಮೊದಲ ಸುತ್ತಿನಲ್ಲಿ ಹೊಸೂರು 5, ಉಣಕಲ್ 20. ಎರಡನೇ ಸುತ್ತಿನಲ್ಲಿ ವಿದ್ಯಾನಗರಕ್ಕೆ ಎರಡು ಮೆಸೇಜ್ ಬರುತ್ತವೆ: ಹೊಸೂರಿನಿಂದ 9, ಉಣಕಲ್‌ನಿಂದ 26. ಚಿಕ್ಕದನ್ನು ಇಟ್ಟುಕೊಂಡರೆ 9. ನವನಗರಕ್ಕೆ 28. ಮೂರನೇ ಸುತ್ತಿನಲ್ಲಿ ವಿದ್ಯಾನಗರ ಉಣಕಲ್‌ಗೆ 15 ಎಂದು ಹೇಳುತ್ತದೆ. ಉಣಕಲ್ ತನ್ನ 20 ಅಳಿಸಿ 15 ಬರೆದುಕೊಳ್ಳುತ್ತದೆ. ನಾಲ್ಕನೇ ಸುತ್ತಿನಲ್ಲಿ ನವನಗರ 28 ಬಿಟ್ಟು 23ಕ್ಕೆ ಇಳಿಯುತ್ತದೆ. ಆಮೇಲೆ ಯಾರಿಗೂ ಹೊಸದಾಗಿ ಹೇಳುವುದಿಲ್ಲ. ಕೆಲಸ ಮುಗಿಯಿತು.

ಈಗ ಕೋಡ್. ಬರೆಯಬೇಕಾದದ್ದು ಮೂರೇ ಫಂಕ್ಷನ್. ವರ್ಟೆಕ್ಸ್ ಫಂಕ್ಷನ್: ನನ್ನ ಬಳಿ ಇರುವುದು, ಬಂದದ್ದು, ಇವೆರಡರಲ್ಲಿ ಚಿಕ್ಕದು. ಮರ್ಜ್ ಫಂಕ್ಷನ್: ಬಂದ ಎರಡು ಮೆಸೇಜ್‌ಗಳಲ್ಲಿ ಚಿಕ್ಕದು. ಇವೆರಡನ್ನು ಯಾರೂ ತಪ್ಪು ಮಾಡುವುದಿಲ್ಲ. ಎಡವುವುದು ಮೂರನೆಯದರಲ್ಲಿ, ಅಂದರೆ ಮೆಸೇಜ್ ಕಳಿಸುವ ಫಂಕ್ಷನ್‌ನಲ್ಲಿ.

ಅದರಲ್ಲಿ ಒಂದು ‘ಇಫ್’ ಇರಲೇಬೇಕು. ನನ್ನ ದೂರಕ್ಕೆ ಎಡ್ಜ್‌ನ ದೂರ ಕೂಡಿಸಿದರೆ ಬರುವುದು ಪಕ್ಕದವನ ಈಗಿನ ದೂರಕ್ಕಿಂತ ಕಡಿಮೆ ಇದ್ದರೆ ಮಾತ್ರ ಕಳಿಸು. ಇಲ್ಲದಿದ್ದರೆ ಖಾಲಿ ಇಟರೇಟರ್ ಕೊಡು, ಅಂದರೆ ಮೆಸೇಜೇ ಇಲ್ಲ. ಈ ಇಫ್ ಬಿಟ್ಟವರ ಪ್ರೋಗ್ರಾಂ ರಾತ್ರಿಯಿಡೀ ಓಡುತ್ತದೆ. ಹೊಸೂರು ವಿದ್ಯಾನಗರಕ್ಕೆ ಹೇಳುತ್ತದೆ, ವಿದ್ಯಾನಗರ ಸುಮ್ನೆ ಹೊಸೂರಿಗೆ ವಾಪಸ್ ಹೇಳುತ್ತದೆ. ಮೆಸೇಜ್ ಇರುವ ತನಕ ಪ್ರೆಗೆಲ್ ನಿಲ್ಲುವುದಿಲ್ಲ. ‘ಕಡಿಮೆ’ ಬದಲು ‘ಕಡಿಮೆ ಅಥವಾ ಸಮ’ ಎಂದು ಬರೆದರೂ ಇದೇ ಗತಿ. ಸುತ್ತುಗಳಿಗೆ ಮಿತಿ ಹಾಕಿ ನಿಲ್ಲಿಸುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಹಾಗೆ ಮಾಡಬೇಡಿ. ಮೇಲಿನ ಲೆಕ್ಕವನ್ನು ಮೂರನೇ ಸುತ್ತಿಗೇ ನಿಲ್ಲಿಸಿದ್ದರೆ ನವನಗರ 28ರಲ್ಲೇ ಉಳಿಯುತ್ತಿತ್ತು, ಎರರ್ ಕೂಡ ಬರುತ್ತಿರಲಿಲ್ಲ.

ಮೈನಸ್ ದೂರದ ಕಥೆ ಬೇರೆ. ಅನಂತದ ಜಾಗದಲ್ಲಿ ಇಂಟ್‌ನ ಅತಿ ದೊಡ್ಡ ಸಂಖ್ಯೆ 2,14,74,83,647 ಹಾಕಿರುತ್ತಾರೆ. ಅದಕ್ಕೆ 5 ಕೂಡಿಸಿದರೆ ಅದು ಉಕ್ಕಿ -2,14,74,83,644 ಆಗುತ್ತದೆ. ಪಕ್ಕದ ವರ್ಟೆಕ್ಸ್ ಅದನ್ನೇ ಹತ್ತಿರದ ದಾರಿ ಎಂದು ನಂಬುತ್ತದೆ. ಅದರ ಬದಲು ಡಬಲ್‌ನ (ದಶಮಾಂಶ ಸಂಖ್ಯೆಗಳ ವಿಧ) ಪಾಸಿಟಿವ್ ಇನ್ಫಿನಿಟಿ ಬಳಸಿ. ಅದಕ್ಕೆ ಎಷ್ಟು ಕೂಡಿಸಿದರೂ ಅದು ಅನಂತವೇ. ಪ್ರೆಗೆಲ್‌ಗೆ ಕೊಡುವ ಆರಂಭದ ಮೆಸೇಜ್ ಕೂಡ ಅದೇ ಇರಲಿ. ಅಲ್ಲಿ 0 ಕೊಟ್ಟರೆ ಎಲ್ಲ ಊರುಗಳ ದೂರವೂ 0 ಎಂದು ಬರುತ್ತದೆ.

ಇಷ್ಟೆಲ್ಲ ಯಾಕೆ, ಗ್ರಾಫ್‌ಎಕ್ಸ್‌ನಲ್ಲಿ ಶಾರ್ಟೆಸ್ಟ್‌ಪಾತ್ಸ್ ಎಂದು ರೆಡಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಎಷ್ಟು ಎಡ್ಜ್ ದಾಟಬೇಕು ಎಂಬುದನ್ನು ಮಾತ್ರ ಎಣಿಸುತ್ತದೆ. ಕಿಲೋಮೀಟರ್, ನಿಮಿಷ ಯಾವುದನ್ನೂ ನೋಡುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದಕ್ಕೆ 20 ನಿಮಿಷದ ಒಳದಾರಿಯೇ ಹತ್ತಿರ. ರಸ್ತೆಯ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ.

ದಾರಿಯೂ ಬೇಕೆಂದರೆ ದೂರದ ಜೊತೆ ಹಿಂದಿನ ವರ್ಟೆಕ್ಸ್‌ನ ನಂಬರನ್ನೂ ಜೋಡಿಯಾಗಿ ಕಳಿಸಿ. ಮುಗಿದ ಮೇಲೆ ನವನಗರದಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬನ್ನಿ.

ಹಂತ 4: ಓಡಿಸುವುದು. ಎಡ್ಜ್‌ಗಳನ್ನು ಯಂತ್ರಗಳಿಗೆ ಹಂಚಲು ಗ್ರಾಫ್‌ಎಕ್ಸ್‌ನ ಎಡ್ಜ್‌ಪಾರ್ಟಿಷನ್‌2ಡಿ ವಿಧಾನ ನನ್ನ ಆಯ್ಕೆ. ಒಂದೇ ವರ್ಟೆಕ್ಸ್‌ನ ಪ್ರತಿಗಳು ಎಷ್ಟು ಕಡೆ ಹರಡಬಹುದು ಎಂಬುದಕ್ಕೆ ಅದರಲ್ಲಿ ಮಿತಿ ಇದೆ. ನೂರಾರು ಸುತ್ತು ಆಗುವಂತಿದ್ದರೆ ಚೆಕ್‌ಪಾಯಿಂಟ್ (ನಡುನಡುವೆ ಫಲಿತಾಂಶ ಉಳಿಸಿಡುವ) ಫೋಲ್ಡರ್ ಕೊಟ್ಟು, ಪ್ರೆಗೆಲ್‌ನ ಚೆಕ್‌ಪಾಯಿಂಟ್ ಅಂತರವನ್ನೂ ಹೊಂದಿಸಿ. ಮೂಲದಲ್ಲಿ ಅದು ಆಫ್ ಇರುತ್ತದೆ. ಹಾಗೇ ಬಿಟ್ಟರೆ ಸ್ಪಾರ್ಕ್ ನೆನಪಿಟ್ಟುಕೊಳ್ಳುವ ಹಿಂದಿನ ಹೆಜ್ಜೆಗಳ ಸರಪಳಿ ಬೆಳೆದು ಬೆಳೆದು ಸ್ಟ್ಯಾಕ್ ಓವರ್‌ಫ್ಲೋ ಆಗಿ ಪ್ರೋಗ್ರಾಂ ನಿಂತುಹೋಗಬಹುದು.

ಹಂತ 5: ತಾಳೆ ನೋಡುವುದು. ಇಪ್ಪತ್ತು ಜಾಗ ಆರಿಸಿ, ಲ್ಯಾಪ್‌ಟಾಪ್‌ನ ಡೈಕ್‌ಸ್ಟ್ರಾ ಉತ್ತರದ ಪಕ್ಕ ಇಟ್ಟು ನೋಡಿ. ಎರಡೂ ಸೇರದಿದ್ದರೆ ಮೊದಲು ಒನ್‌ವೇ ಎಡ್ಜ್‌ಗಳನ್ನು ನೋಡಿ. ಕೆಲವು ವರ್ಟೆಕ್ಸ್‌ಗಳಲ್ಲಿ ಕೊನೆಗೂ ಅನಂತವೇ ಉಳಿದಿರುತ್ತದೆ. ಗಾಬರಿ ಬೇಡ. ಅವನ್ನು ನಕ್ಷೆ ಮೇಲೆ ಹಾಕಿ. ಊರಿನ ಅಂಚಿನಲ್ಲಿದ್ದರೆ ನೀವು ನಕ್ಷೆ ಕತ್ತರಿಸಿದಾಗ ತುಂಡಾದ ರಸ್ತೆಗಳು ಅವು. ಊರ ನಡುವೆ ಕಂಡರೆ ಎರಡನೇ ದಿಕ್ಕಿನ ಎಡ್ಜ್ ಎಲ್ಲೋ ಬಿಟ್ಟುಹೋಗಿದೆ, ಹಂತ 2ಕ್ಕೆ ವಾಪಸ್ ಹೋಗಿ.