ಜೆರ್ಸಿಗೆ ಲೋಗೋ ಕೊಡುವ ಮೊದಲು ಫೈಲ್ ಹೀಗೆ ರೆಡಿ ಮಾಡಿ

ಕೊಡಗಿನಲ್ಲಿ ಬೇಸಿಗೆ ಅಂದರೆ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ, ಕೌಟುಂಬಿಕ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಈ ಹಬ್ಬಕ್ಕೆ ಒಂದೊಂದು ಒಕ್ಕವೂ, ಅಂದರೆ ಮನೆತನವೂ, ತನ್ನದೇ ಜೆರ್ಸಿ, ಕ್ಯಾಪ್ ಮಾಡಿಸುತ್ತದೆ. ಒಕ್ಕದ ಹೆಸರು ಹೊತ್ತು ಆಡುವಾಗ ಆ ಹೆಸರು ನೆಟ್ಟಗೆ ಕಾಣಬೇಕು, ಅಲ್ವಾ? ಆದರೆ ಎಷ್ಟೋ ಸಲ ವಾಟ್ಸಾಪ್ ಗ್ರೂಪಿನಲ್ಲಿ ಸುತ್ತಿ ಸುತ್ತಿ ಮಸುಕಾದ ಫೋಟೋವೇ ಅಂಗಡಿಗೆ ಹೋಗುತ್ತದೆ.

ಮೊದಲು ಲೋಗೋ ಮಾಡಿದವರ ಹತ್ತಿರ ಮೂಲ ಫೈಲ್ ಕೇಳಿ. ಕೋರೆಲ್‌ಡ್ರಾ ಅಥವಾ ಇಲಸ್ಟ್ರೇಟರ್‌ನಲ್ಲಿ ಗೆರೆಯಾಗಿ ಬಿಡಿಸಿದ್ದರೆ ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಫೋಟೋವನ್ನು ಸುಮ್ನೆ ಕೋರೆಲ್‌ಗೆ ಹಾಕಿ ಸೇವ್ ಮಾಡಿದರೆ ಅದು ಫೋಟೋನೇ. ಫೋಟೋ ಬಿಟ್ಟು ಬೇರೆ ಇಲ್ಲದಿದ್ದರೆ ಯಾರಿಂದಾದರೂ ಹೊಸದಾಗಿ ಬಿಡಿಸಿಕೊಳ್ಳಿ. ಪ್ರಿಂಟ್‌ಗೆ ಚಿತ್ರವನ್ನೇ ಕೊಡುವುದಾದರೆ ಬಟ್ಟೆಯ ಮೇಲೆ ಬರುವ ಅಳತೆಗೆ 300 ಡಿಪಿಐ ಇರಲಿ, ಅಂದರೆ 10 ಇಂಚು ಅಗಲಕ್ಕೆ 3000 ಪಿಕ್ಸೆಲ್. ಹಿನ್ನೆಲೆ ತೆಗೆದ ಪಿಎನ್‌ಜಿ ಆಗಿರಲಿ, ಇಲ್ಲದಿದ್ದರೆ ಕಪ್ಪು ಟೀಶರ್ಟ್ ಮೇಲೆ ಬಿಳಿ ಚೌಕ ಬಂದು ಕೂರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ.

ಕನ್ನಡ ಅಕ್ಷರಕ್ಕೆ ಇನ್ನೊಂದು ಕೆಲಸ ಇದೆ. ನೀವು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತದೆ. ಕೋರೆಲ್‌ನಲ್ಲಿ ಅಕ್ಷರ ಆರಿಸಿ ಕಂಟ್ರೋಲ್ ಕ್ಯೂ ಒತ್ತಿದರೆ ಅದು ಕರ್ವ್, ಅಂದರೆ ಬರೀ ಗೆರೆಯ ಆಕಾರ ಆಗುತ್ತದೆ, ಆಮೇಲೆ ಫಾಂಟ್ ಬೇಕಿಲ್ಲ. ಆದರೆ ತಿದ್ದಲೂ ಆಗುವುದಿಲ್ಲ. ಅದಕ್ಕೇ ಕರ್ವ್ ಮಾಡುವ ಮೊದಲು ಹೆಸರನ್ನು ಮನೆಯ ಹಿರಿಯರಿಗೆ ಒಮ್ಮೆ ತೋರಿಸಿ, ತಿದ್ದಲು ಬರುವ ಒಂದು ಕಾಪಿ ಇಟ್ಟುಕೊಳ್ಳಿ.

ಎಂಬ್ರಾಯ್ಡರಿ ವಿಷಯವೇ ಬೇರೆ. ಮೆಷಿನ್ ಚಿತ್ರ ಓದುವುದಿಲ್ಲ. ಸೂಜಿ ಎಲ್ಲಿ, ಯಾವ ದಿಕ್ಕಿಗೆ ಹೊಲಿಯಬೇಕು ಅಂತ ಒಬ್ಬರು ಕೂತು ಡಿಜಿಟೈಸ್ ಮಾಡಬೇಕು. ಸಾಮಾನ್ಯ ಕಸೂತಿ ದಾರವೇ ಸುಮಾರು 0.4 ಮಿಲಿಮೀಟರ್ ದಪ್ಪ, ಹಾಗಾಗಿ 1 ಮಿಲಿಮೀಟರ್‌ಗಿಂತ ಸಣ್ಣ ಗೆರೆ ಚೆನ್ನಾಗಿ ಕೂರುವುದಿಲ್ಲ. ಲೋಗೋದಲ್ಲಿ ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಇದ್ದರೆ ಅದರ ಸರಪಳಿಯ ಒಂದೊಂದು ಕೊಂಡಿ ಬಿಡಿಸಬೇಡಿ, ಎದೆಯ ಮೇಲಿನ 3 ಇಂಚಿನ ಲೋಗೋದಲ್ಲಿ ಅದೆಲ್ಲ ಸೇರಿ ದಾರದ ಗಂಟಾಗುತ್ತದೆ. ಒಂದೇ ದಪ್ಪ ಗೆರೆ ಸಾಕು. 'ಪೊನ್ನಂಪೇಟೆ' ಅಂತ ಬರೆದರೆ ನ ಕೆಳಗಿನ ಒತ್ತು ನೋಡಿ, ಮುಖ್ಯ ಅಕ್ಷರ ಓದುವಂತಿದ್ದರೂ ಒತ್ತು ಮುಚ್ಚಿಹೋಗಿರುತ್ತದೆ. ಅಕ್ಷರದ ಅಳತೆಯನ್ನು ಒತ್ತು ನೋಡಿಯೇ ನಿರ್ಧರಿಸಿ. ಬಣ್ಣದಿಂದ ಬಣ್ಣಕ್ಕೆ ಕರಗುವ ಶೇಡ್ ಬೇಡ, ಅಚ್ಚ ಬಣ್ಣ ಇರಲಿ.

ಡಿಜಿಟೈಸ್ ಮಾಡಿದ ಮೇಲೆ ಮೆಷಿನ್‌ಗೆ ಹಾಕುವ ಡಿಎಸ್‌ಟಿ ಫೈಲ್‌ನಲ್ಲಿ ದಾರದ ನಿಜವಾದ ಬಣ್ಣ ಉಳಿಯುವುದಿಲ್ಲ. ಯಾವ ಭಾಗಕ್ಕೆ ಯಾವ ದಾರ ಅಂತ ಬರೆದೇ ಕೊಡಿ. ಎದೆಗೆ ಮಾಡಿಸಿದ್ದನ್ನು ಜಾಸ್ತಿ ಹಿಗ್ಗಿಸಿ ಬೆನ್ನಿಗೆ ಹಾಕಬೇಡಿ, ಹೊಲಿಗೆ ಕೆಡುತ್ತದೆ. ಬೆನ್ನಿಗೆ ಬೇರೆಯೇ ಮಾಡಿಸಿ.

ಪೂರ್ತಿ ಆರ್ಡರ್ ಕೊಡುವ ಮೊದಲು ಅದೇ ಜೆರ್ಸಿ ಬಟ್ಟೆಯ ತುಂಡಿನ ಮೇಲೆ ಒಂದು ಸ್ಯಾಂಪಲ್ ಹೊಲಿಸಿ. ಬೇರೆ ಬಟ್ಟೆ ಆಗದು, ಜೆರ್ಸಿ ಹಿಗ್ಗುತ್ತದೆ. ಸುತ್ತ ಸುಕ್ಕು ಬಂದಿದೆಯಾ, ಒತ್ತಕ್ಷರ ಮುಚ್ಚಿಹೋಗದೆ ಅದರ ಒಳಗಿನ ಖಾಲಿ ಜಾಗದಲ್ಲಿ ಬಟ್ಟೆ ಕಾಣುತ್ತಿದೆಯಾ ನೋಡಿ, ಆಮೇಲೆ ಹೂಂ ಅನ್ನಿ.