ಹೊಸ ಅಡುಗೆಮನೆ ಯಾರಿಗೆ ಕೊಡಬೇಕು? ಕಕ್ಕಡದಲ್ಲಿ ನೋಡಿ, ಬೇಸಿಗೆಯಲ್ಲಿ ಮಾಡಿಸಿ

ಕೊಡಗಿನಲ್ಲಿ ಹೊಸ ಅಡುಗೆಮನೆಯ ಬಣ್ಣ ಬಯಲಾಗುವುದು ಎರಡನೇ ಮಳೆಗಾಲದಲ್ಲಿ. ಮೊದಲ ವರ್ಷ ಎಲ್ಲ ಚೆನ್ನಾಗಿರುತ್ತದೆ. ಮರುವರ್ಷದ ಜುಲೈ ಹೊತ್ತಿಗೆ ಸಿಂಕ್ ಕೆಳಗಿನ ಹಲಗೆ ಉಬ್ಬುತ್ತದೆ. ಬಾಗಿಲು ಜೋತು ಬೀಳುತ್ತದೆ. ಕಪಾಟು ತೆಗೆದರೆ ಮುಗ್ಗಲು ವಾಸನೆ. ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ ‘ಮಳೆ ನಿಲ್ಲಲಿ, ಬರ್ತೀವಿ’ ಎನ್ನುತ್ತಾರೆ. ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಡಿಸೈನ್ ಆರಿಸಲು ವಾರಗಟ್ಟಲೆ ಕೂರುವ ಜನ, ಕೆಲಸ ಯಾರಿಗೆ ಕೊಡುವುದು ಎಂಬುದನ್ನು ಒಂದೇ ಮಧ್ಯಾಹ್ನ ಶೋರೂಮಿನಲ್ಲಿ ಕುಳಿತು ತೀರ್ಮಾನ ಮಾಡಿಬಿಡುತ್ತಾರೆ. ಸಮಯ ಕೊಡಬೇಕಾದದ್ದು ಈ ಎರಡನೆಯದಕ್ಕೆ.

ಹಂತ 1: ಕಾಲ ನೋಡಿ

ಮಳೆಗಾಲದಲ್ಲಿ ಬೇರೆಯವರ ಅಡುಗೆಮನೆ ನೋಡಿ. ಡಿಸೆಂಬರ್ ಹೊತ್ತಿಗೆ, ಸುಗ್ಗಿಯ ಹುತ್ತರಿ ಹಬ್ಬ ಮುಗಿದ ಮೇಲೆ ಆರ್ಡರ್ ಕೊಡಿ. ಮಾರ್ಚ್, ಏಪ್ರಿಲ್‌ನಲ್ಲಿ ಜೋಡಿಸಿ. ಕಾಫಿ ಕೊಯ್ಲಿನ ನಡುವೆ ಕೆಲಸ ಇಟ್ಟುಕೊಳ್ಳಬೇಡಿ, ಮನೆಯಲ್ಲಿ ನಿಂತು ನೋಡುವವರೇ ಇರುವುದಿಲ್ಲ. ಮೇ ಕೊನೆಗೆ ತಳ್ಳಿದರೆ ಹಸಿ ಗೋಡೆಗೆ ಕಪಾಟು ಹೊಡೆಯಬೇಕಾಗುತ್ತದೆ. ಹೊಸ ಗಾರೆ ಪೂರ್ತಿ ಒಣಗದೆ ಕಪಾಟು ಕೂರಿಸಿದರೆ, ಆ ತೇವವೆಲ್ಲ ಹಿಂದಿನ ಹಲಗೆಗೇ ಹೋಗುತ್ತದೆ.

ಹಂತ 2: ಮೂರು ಕಡೆಯವರನ್ನು ವಿಚಾರಿಸಿ

ಕೊಡಗಿನವರಿಗೆ ಇರುವ ದಾರಿ ಮುಖ್ಯವಾಗಿ ಮೂರು. ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ಮಾಡ್ಯುಲರ್ ಕಿಚನ್ ಶೋರೂಮ್. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಕಡೆ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡಿರುವ ಬಡಗಿಗಳು. ಇನ್ನು ಅಲ್ಯುಮಿನಿಯಂ ಫ್ರೇಮಿನ ಕಪಾಟು ಮಾಡುವವರು. ಮಾಕುಟ್ಟದ ಆಚೆ ಕೇರಳದಲ್ಲಿ ಇದು ತುಂಬ ಬಳಕೆಯಲ್ಲಿದೆ.

ನನ್ನ ಒಲವು ಊರಿನ ವರ್ಕ್‌ಶಾಪ್ ಕಡೆಗೇ. ಶೋರೂಮಿನ ಮಷಿನ್ ಕೆಲಸ ನೀಟಾಗಿರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಅಂಚಿಗೆ ಪಟ್ಟಿ ಅಂಟಿಸುವ ಕೆಲಸವಂತೂ ಮಷಿನ್ನಿನಲ್ಲಿ ಆದರೇ ಗಟ್ಟಿ. ಆದರೆ ಒಂದು ಹಿಂಜಸ್ ಸಡಿಲವಾಯಿತು ಎಂದು ಮೈಸೂರಿನಿಂದ 120 ಕಿಲೋಮೀಟರ್ ಮಡಿಕೇರಿಗೆ ಯಾರು ಬರುತ್ತಾರೆ? ಅದೂ ಆಗಸ್ಟ್‌ನಲ್ಲಿ? 2018ರ ಭೂಕುಸಿತದಲ್ಲಿ ಸಂಪಾಜೆ ಘಾಟಿ ರಸ್ತೆ ಕುಸಿದು ತಿಂಗಳುಗಟ್ಟಲೆ ಮಂಗಳೂರಿನ ದಾರಿಯೇ ಬಂದ್ ಆಗಿತ್ತು. ಅಳತೆ ತಪ್ಪಿದ ಒಂದೇ ಒಂದು ಬಾಗಿಲಿಗಾಗಿ ಮಳೆಗಾಲವಿಡೀ ಕಾಯುವ ಸ್ಥಿತಿ ಬೇಡ ಅಲ್ವಾ?

ಹಂತ 3: ಹಳೆ ಕೆಲಸ ನೋಡಿ

ಇದೇ ಮುಖ್ಯ. ಇದನ್ನು ಬಿಟ್ಟರೆ ಉಳಿದ ಹಂತಗಳಿಂದ ದೊಡ್ಡ ಪ್ರಯೋಜನವಿಲ್ಲ.

ಪ್ರತಿಯೊಬ್ಬರ ಬಳಿಯೂ ‘ಎರಡು ಮಳೆಗಾಲ ಕಳೆದ ನಿಮ್ಮ ಒಂದು ಕೆಲಸ ತೋರಿಸಿ’ ಎಂದು ಕೇಳಿ. ಮೊನ್ನೆ ಮುಗಿದ ಮನೆಯ ಫೋಟೋ ತೋರಿಸಿದರೆ ಬೇಡ ಅನ್ನಿ. ಮನೆ ನಿಮ್ಮ ಮಳೆಯ ಭಾಗದಲ್ಲೇ ಇರಬೇಕು. ಕುಶಾಲನಗರದ ಮಳೆಯೇ ಬೇರೆ, ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯೇ ಬೇರೆ. ಕುಶಾಲನಗರದಲ್ಲಿ ಹತ್ತು ವರ್ಷ ಬಾಳಿದ ಹಲಗೆ ಭಾಗಮಂಡಲದಲ್ಲಿ ಮೂರು ವರ್ಷ ಬಾಳುತ್ತದೆ ಎಂಬ ಖಾತ್ರಿ ಇಲ್ಲ. ಸಾಧ್ಯವಾದರೆ ಕಕ್ಕಡ ತಿಂಗಳಲ್ಲೇ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ಜೋರು ಮಳೆಯಲ್ಲೇ ಹೋಗಿ. ಬಿಸಿಲಿನಲ್ಲಿ ಒಣಗಿ ಕುಳಿತ ಕಪಾಟು ತನ್ನ ರೋಗ ಹೇಳುವುದಿಲ್ಲ.

ಹೋದಾಗ ಮೊದಲು ಸಿಂಕ್ ಕೆಳಗಿನ ಬಾಗಿಲು ತೆಗೆಯಿರಿ. ಮುಖ ಒಳಗೆ ಹಾಕಿ ವಾಸನೆ ನೋಡಿ. ತಳದ ಹಲಗೆಯನ್ನು ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ಅಥವಾ ಅಂಚು ಉಬ್ಬಿದ್ದರೆ ಒಳಗೆ ನೀರು ಹೋಗಿದೆ. ನಲ್ಲಿ ಪೈಪಿಗೆ ಕೊರೆದ ತೂತಿನ ಸುತ್ತ ನೋಡಿ. ಒಳ್ಳೆಯ ಕೆಲಸಗಾರ ಕತ್ತರಿಸಿದ ಆ ಅಂಚಿಗೂ ಸಿಲಿಕೋನ್ ಬಳಿದಿರುತ್ತಾನೆ. ಅವಸರದವನು ಪ್ಲೈವುಡ್ಡಿನ ಅಂಚನ್ನು ಏನೂ ಬಳಿಯದೆ ಹಾಗೇ ಬಿಟ್ಟಿರುತ್ತಾನೆ, ನೀರು ಒಳನುಗ್ಗುವುದೇ ಅಲ್ಲಿಂದ.

ಆಮೇಲೆ ಕೆಳಗಿನ ಪಟ್ಟಿ, ಅಂದರೆ ಸ್ಕರ್ಟಿಂಗ್ ತೆಗೆಸಿ. ಕಪಾಟು ನಾಲ್ಕು ಇಂಚಿನ ಪ್ಲಾಸ್ಟಿಕ್ ಕಾಲಿನ ಮೇಲೆ ನಿಂತಿರಬೇಕು. ನೇರ ನೆಲದ ಮೇಲೆ ಕೂರಿಸಿದ್ದರೆ ನೆಲ ಒರೆಸಿದ ನೀರೆಲ್ಲ ಅದಕ್ಕೇ. ಗೆದ್ದಲಿಗೂ ದಾರಿ ಸಲೀಸು. ಒಂದು ಟಾರ್ಚ್ ಹಿಡಿದು ಗೋಡೆ ಮತ್ತು ಹಿಂದಿನ ಹಲಗೆಯ ನಡುವೆ ನೋಡಿ. ಬಿಳಿ, ಹಸಿರು ಬೂಷ್ಟು ಕಾಣುತ್ತದೆಯೇ? ಎಲ್ಲಾದರೂ ಸಣ್ಣ ಹಿಟ್ಟಿನಂಥ ಪುಡಿ ಬಿದ್ದಿದೆಯೇ? ಪುಡಿ ಇದ್ದರೆ ಮರಕ್ಕೆ ಹುಳು ಬಿದ್ದಿದೆ, ಆ ಕೆಲಸಗಾರನನ್ನು ಪಟ್ಟಿಯಿಂದ ತೆಗೆಯಿರಿ.

ಡ್ರಾಯರ್ ಪೂರ್ತಿ ಎಳೆಯಿರಿ, ಅದರಲ್ಲಿ ಪಾತ್ರೆ ತುಂಬಿದ್ದಾಗಲೇ. ನಮ್ಮ ಅಡುಗೆಮನೆಯ ಭಾರವೇ ಬೇರೆ. ಪುಟ್ಟು ಬೇಯಿಸುವ ಪಾತ್ರೆ, ನೂಪುಟ್ಟು ಒತ್ತುವ ಒರಳು, ಹಬ್ಬದ ಪಂದಿ ಕರಿಯ ದೊಡ್ಡ ಪಾತ್ರೆ. ಇವನ್ನೆಲ್ಲ ಹೊರಲು ಆಗದ ಚಾನೆಲ್ (ಡ್ರಾಯರ್ ಜಾರುವ ಪಟ್ಟಿ) ನಮಗೆ ಬೇಡ.

ಕೊನೆಗೆ ಮನೆಯವರ ಜತೆ ಮಾತಾಡಿ, ಕೆಲಸಗಾರ ಪಕ್ಕದಲ್ಲಿ ಇಲ್ಲದಾಗ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಏನಾದರೂ ರಿಪೇರಿ ಬಂತಾ, ಕರೆದ ಮೇಲೆ ಎಷ್ಟು ದಿನಕ್ಕೆ ಬಂದರು, ಅದಕ್ಕೆ ದುಡ್ಡು ತಗೊಂಡರಾ’ ಎಂದು ಕೇಳಿ. ದಿನವೂ ಅಡುಗೆ ಮಾಡುವವರನ್ನೇ ಕೇಳಿ. ದುಡ್ಡು ಕೊಟ್ಟವರಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ.

ಹಳೆ ಕೆಲಸ ತೋರಿಸಲು ನೆಪ ಹೇಳುವವರನ್ನು ಅಲ್ಲಿಗೇ ಬಿಡಿ. ರೇಟು ಎಷ್ಟೇ ಕಮ್ಮಿ ಇರಲಿ.

ಹಂತ 4: ಕೊಟೇಶನ್‌ಗಳನ್ನು ಒಂದೇ ಅಳತೆಗೆ ತನ್ನಿ

ಒಬ್ಬರು ಚದರ ಅಡಿಗೆ ಹೇಳುತ್ತಾರೆ, ಇನ್ನೊಬ್ಬರು ರನ್ನಿಂಗ್ ಅಡಿಗೆ, ಅಂದರೆ ಬರೀ ಉದ್ದದ ಲೆಕ್ಕಕ್ಕೆ. ಹಾಗೇ ಹೋಲಿಸಿದರೆ ಮೋಸ ಹೋಗುತ್ತೀರಿ. ಒಂದು ಉದಾಹರಣೆ. 10 ಅಡಿ ಉದ್ದ, ಎರಡೂಮುಕ್ಕಾಲು ಅಡಿ ಎತ್ತರದ ಕೆಳಗಿನ ಕಪಾಟು ಎಂದರೆ 27.5 ಚದರ ಅಡಿ. ಚದರ ಅಡಿಗೆ 1,600 ರೂಪಾಯಿಯಾದರೆ 44,000. ರನ್ನಿಂಗ್ ಅಡಿಗೆ 4,400 ಎಂದರೂ ಅದೇ 44,000. ಕೇಳಲು ಮಾತ್ರ ಒಂದು ಅಗ್ಗ, ಒಂದು ದುಬಾರಿ. ಅದರ ಮೇಲೆ 18 ಶೇಕಡ ಜಿಎಸ್‌ಟಿ ಸೇರಿದರೆ 7,920 ಹೆಚ್ಚು. ತೆರಿಗೆ ಸೇರಿದೆಯಾ, ಸೇರಿಲ್ಲವಾ ಎಂದು ಬರೆಸಿಕೊಳ್ಳಿ.

‘ಎಲ್’ ಆಕಾರದ ಅಡುಗೆಮನೆಯಾದರೆ ಮೂಲೆಯನ್ನು ಹೇಗೆ ಲೆಕ್ಕ ಹಾಕಿದ್ದಾರೆ ಕೇಳಿ. ಎರಡೂ ಗೋಡೆಯನ್ನು ತುದಿಯಿಂದ ತುದಿಗೆ ಅಳೆದರೆ ಮೂಲೆಯ ಎರಡು ಅಡಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬುಟ್ಟಿ, ಹಿಂಜಸ್, ಚಾನೆಲ್, ಹಿಡಿಕೆ, ಸಾಗಾಟ, ಕೆಲಸಗಾರರ ವಸತಿ, ಹಳೆಯದನ್ನು ಕಿತ್ತು ಸಾಗಿಸುವುದು, ಗ್ರಾನೈಟ್‌ನಲ್ಲಿ ಸಿಂಕಿಗೆ ಕೊರೆಯುವುದು. ಇವು ಒಂದೊಂದೂ ಯಾರ ಲೆಕ್ಕ ಎಂದು ಚೀಟಿಯಲ್ಲಿ ಇರಬೇಕು. ‘ಕಿಲೋಮೀಟರ್ ಜಾಸ್ತಿ ಆಯ್ತು’ ಎಂದು ಕೊನೆಗೆ ಬಿಲ್ ಏರಿಸುವುದು ನಮ್ಮ ಜಿಲ್ಲೆಯಲ್ಲಿ ಮಾಮೂಲಿ.

ಹಂತ 5: ಸಾಮಾನಿನ ಹೆಸರು ಬರೆಸಿ

‘ವಾಟರ್‌ಪ್ರೂಫ್ ಪ್ಲೈ’ ಎಂದು ಬರೆದ ಕೊಟೇಶನ್ ಒಪ್ಪಬೇಡಿ. ‘ಐಎಸ್ 710, 18 ಮಿಲಿಮೀಟರ್’ ಎಂದು ಕಂಪನಿಯ ಹೆಸರಿನ ಜತೆ ಬರೆಸಿ. ಇದು ಮರೈನ್ ಪ್ಲೈ, ಬಿಡಬ್ಲ್ಯೂಪಿ ಎಂದೂ ಹೇಳುತ್ತಾರೆ. ಇದರ ಅಂಟಿನ ಗಟ್ಟಿತನವನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ‘ಎಂಆರ್’ (ಸ್ವಲ್ಪ ತೇವ ಮಾತ್ರ ತಡೆಯುವ ಪ್ಲೈ) ಎಂದು ಮುದ್ರೆ ಇರುವುದು ಒಣ ಕೋಣೆಯ ಬೀರುವಿಗೆ ಸರಿ, ಕೊಡಗಿನ ಅಡುಗೆಮನೆಗೆ ಬೇಡವೇ ಬೇಡ. ಬರೀ 710 ಎಂದು ಸೀಲ್ ಹೊಡೆದ ಹಲಗೆಯೂ ಮಾರುಕಟ್ಟೆಯಲ್ಲಿದೆ. ಐಎಸ್‌ಐ ಮುದ್ರೆಯ ಜತೆಗಿರುವ ಸಿಎಂ/ಎಲ್ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಹಲಗೆ ಕತ್ತರಿಸುವ ಮೊದಲೇ ವರ್ಕ್‌ಶಾಪ್‌ಗೆ ಹೋಗಿ. ಮೇಲಿನ ಹಾಳೆ, ಅಂದರೆ ಮೈಕಾ ಅಂಟಿದ ಮೇಲೆ ಒಳಗೇನಿದೆ ಯಾರಿಗೂ ಕಾಣುವುದಿಲ್ಲ.

ಮರದ ಚೂರು, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎಷ್ಟೇ ಚಂದ ಕಂಡರೂ ಕೆಳಗಿನ ಕಪಾಟಿಗೆ ಹಾಕಿಸಬೇಡಿ. ಒಮ್ಮೆ ನೀರು ಕುಡಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಸ್ಟೀಲ್ ಬುಟ್ಟಿ 304 ಗ್ರೇಡ್ ಇರಲಿ. ಮ್ಯಾಗ್ನೆಟ್ ಹಿಡಿದು ‘ನೋಡಿ, ಅಂಟಲ್ಲ’ ಎಂದು ತೋರಿಸಿದರೆ ನಂಬಬೇಡಿ. ಬೇಗ ತುಕ್ಕು ಹಿಡಿಯುವ 202 ಗ್ರೇಡಿಗೂ ಮ್ಯಾಗ್ನೆಟ್ ಅಂಟುವುದಿಲ್ಲ. ಬಿಲ್‌ನಲ್ಲಿ ಗ್ರೇಡ್ ಬರೆಸುವುದೇ ಸರಿಯಾದ ದಾರಿ. ಮೇಲ್ಗಲ್ಲು ಕಪ್ಪು ಗ್ರಾನೈಟ್ ಸಾಕು. ಬಿಳಿ ಮಾರ್ಬಲ್ ಮೇಲೆ ಅಡುಗೆಯ ಹುಳಿ ರಸ ಕಾಚಂಪುಳಿ ಒಂದು ಹನಿ ಬಿದ್ದರೆ ಹುಳಿ ಕಲ್ಲನ್ನೇ ತಿನ್ನುತ್ತದೆ, ಆ ಕಲೆ ಉಜ್ಜಿದರೆ ಹೋಗುವುದಿಲ್ಲ.

ಮನೆಯ ಹಲಸಿನ ಹಲಗೆ ಇದ್ದರೆ ಬಾಗಿಲಿಗೆ ಬಳಸಬಹುದು, ಚೆನ್ನಾಗಿ ಒಣಗಿರಬೇಕು ಅಷ್ಟೇ. ಹಸಿ ಮರ ಸೊಟ್ಟಗಾಗುತ್ತದೆ.

ಹಂತ 6: ಜೋಡಿಸುವವರು ಯಾರು?

ಅನೇಕ ಶೋರೂಮ್‌ಗಳು ಜೋಡಿಸುವ ಕೆಲಸವನ್ನು ಹೊರಗಿನ ತಂಡಕ್ಕೆ ಕೊಡುತ್ತವೆ. ಅಳತೆ ತೆಗೆದವರು ಒಬ್ಬರು, ಕೂರಿಸುವವರು ಇನ್ನೊಬ್ಬರು. ಗೋಡೆ ಸೊಟ್ಟಗಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಹಾಗಾಗಿ ಕೂರಿಸುವ ಮೇಸ್ತ್ರಿಯೇ ಬಂದು ಕೊನೆಯ ಅಳತೆ ತೆಗೆಯಲಿ ಎಂದು ಹಟ ಹಿಡಿಯಿರಿ. ಅವರು ಬಂದಾಗ ಒಂದು ಪ್ರಶ್ನೆ ಕೇಳಿ: ‘ಸಿಲಿಂಡರ್ ಇಡುವ ಕಪಾಟಿಗೆ ಗಾಳಿಯ ತೂತು ಎಲ್ಲಿ ಕೊರೆಯುತ್ತೀರಿ?’ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ಸೇರುತ್ತದೆ. ‘ತಳದಲ್ಲಿ’ ಎಂದು ತಕ್ಷಣ ಹೇಳುವವರು ಕೆಲಸ ತಿಳಿದವರು. ಅದು ಗೊತ್ತಿಲ್ಲದವರ ಕೈಗೆ ಮನೆ ಕೊಡಬೇಡಿ.

ಹಂತ 7: ದುಡ್ಡು ಕಂತಿನಲ್ಲಿ

ಅಡ್ವಾನ್ಸ್ ಸ್ವಲ್ಪ, ಹಲಗೆ ವರ್ಕ್‌ಶಾಪ್‌ಗೆ ಬಂದಾಗ ಒಂದು ಭಾಗ, ಕಪಾಟು ಮನೆಗೆ ಬಂದಾಗ ಇನ್ನೊಂದು ಭಾಗ. ಕೊನೆಯ 10 ಶೇಕಡ ಮಾತ್ರ ಆಗಸ್ಟ್ ಕೊನೆಗೆ, ಒಂದು ಮಳೆಗಾಲ ನೋಡಿ ಕೊಡುತ್ತೇನೆ ಎಂದು ಮೊದಲೇ ಮಾತಾಡಿ ಬರೆಸಿಕೊಳ್ಳಿ. ಕೆಲಸದ ಮೇಲೆ ನಂಬಿಕೆ ಇರುವವರು ಒಪ್ಪುತ್ತಾರೆ. ಪೂರ್ತಿ ದುಡ್ಡು ಮುಂಚೆ ಕೊಟ್ಟರೆ ಡಿಸ್ಕೌಂಟ್ ಎಂದರೆ ಆ ಡಿಸ್ಕೌಂಟ್ ಬೇಡ.

ಕೊನೆಯ ದಿನ ಮೈಕಾದ ಕಂಪನಿ ಮತ್ತು ಶೇಡ್ ನಂಬರ್, ಹಿಂಜಸ್‌ನ ಮಾಡೆಲ್, ಪ್ಲೈ ಬಿಲ್ ಎಲ್ಲ ಕೇಳಿ ಇಸಿದುಕೊಳ್ಳಿ. ಉಳಿದ ಮೈಕಾ ತುಂಡುಗಳನ್ನು ಗಾಡಿಗೆ ಹಾಕಲು ಬಿಡಬೇಡಿ. ಮುಂದೆ ಒಂದು ಬಾಗಿಲು ಬದಲಿಸಬೇಕಾದರೆ ಅದೇ ಶೇಡ್ ಅಂಗಡಿಯಲ್ಲಿ ಸಿಗದೆ ಹೋಗಬಹುದು.