ಗೀಸರಿಗೆ ಸ್ಮಾರ್ಟ್ ಪ್ಲಗ್: ಅಳವಡಿಕೆಯೂ ತೊಂದರೆಗಳ ಪರಿಹಾರವೂ

ಸ್ಮಾರ್ಟ್ ಪ್ಲಗ್ ಎಂಬುದು ಗೋಡೆಯ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಕುಳಿತು, ವೈಫೈ ಮೂಲಕ ಬಂದ ಆಜ್ಞೆಯಂತೆ ವಿದ್ಯುತ್ತನ್ನು ಕೊಡುವ ಅಥವಾ ತಡೆಯುವ ಸಾಧನ. ಆದ್ದರಿಂದ ಸ್ವಿಚ್ ಹಾಕಿದ ಕೂಡಲೇ ಕೆಲಸ ಆರಂಭಿಸುವ ಉಪಕರಣಗಳಿಗೆ ಮಾತ್ರ ಅದು ಒಗ್ಗುತ್ತದೆ. ಸ್ಟೋರೇಜ್ ಗೀಸರ್, ಟೇಬಲ್ ಲ್ಯಾಂಪ್, ಸೊಳ್ಳೆ ಮಷಿನ್ ಇವೆಲ್ಲ ಆ ಸಾಲಿಗೆ ಸೇರುತ್ತವೆ. ಕರೆಂಟು ಬಂದ ಮೇಲೂ ಬಟನ್ ಒತ್ತುವವರೆಗೆ ಸುಮ್ಮನಿರುವ ಇಂಡಕ್ಷನ್ ಒಲೆ ಸೇರುವುದಿಲ್ಲ. ಮನೆಗಳಲ್ಲಿ ಇದು ಹೆಚ್ಚಾಗಿ ಬಳಕೆಯಾಗುವುದು ಗೀಸರಿಗೆ, ತೊಂದರೆ ಹೆಚ್ಚಾಗಿ ಕಾಣುವುದೂ ಅಲ್ಲಿಯೇ ಆದ್ದರಿಂದ ಈ ಬರಹ ಗೀಸರನ್ನೇ ಮುಂದಿಟ್ಟುಕೊಂಡಿದೆ.

ಕೊಳ್ಳುವ ಮೊದಲು

ಗೀಸರಿನ ಮೈಮೇಲಿನ ಪಟ್ಟಿಯಲ್ಲಿ ಅದರ ವ್ಯಾಟ್ ಎಷ್ಟೆಂದು ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ದೊರೆಯುತ್ತದೆ. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್, 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಪ್ಲಗ್ಗಿನ ಮಿತಿ 2300 ವ್ಯಾಟ್ ಆದುದರಿಂದ ಲೆಕ್ಕದ ಪ್ರಕಾರ ಮೊದಲನೆಯದಕ್ಕೆ ಅದು ಸಾಕಾಗುತ್ತದೆ. ಆದರೂ ಮಿತಿಯ ಅಂಚಿನಲ್ಲಿ ದಿನವೂ ಬಿಸಿಯಾಗುವ ಸಾಧನಕ್ಕೆ ಆಯಸ್ಸು ಕಡಿಮೆ. ಬೆಲೆ ಸ್ವಲ್ಪ ಹೆಚ್ಚಾದರೂ ಗೀಸರಿಗೆ ಐಎಸ್‌ಐ ಗುರುತಿರುವ, ದಪ್ಪ ಪಿನ್ನುಗಳ 16 ಆಂಪಿಯರ್ ಪ್ಲಗ್ಗನ್ನೇ ಕೊಳ್ಳುವುದು ಸರಿ. ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಷನ್ ಪ್ಲಗ್ಗನ್ನಾಗಲಿ, ಎಕ್ಸ್‌ಟೆನ್ಷನ್ ಬಾಕ್ಸನ್ನಾಗಲಿ ನಡುವೆ ಸೇರಿಸಲೇಬಾರದು, ಏಕೆಂದರೆ 6 ಆಂಪಿಯರ್ ಸಾಕೆಟ್ಟೂ ಅದರ ಹಿಂದಿನ ತೆಳು ವೈರೂ ಈ ಭಾರಕ್ಕೆಂದು ಮಾಡಿದವಲ್ಲ.

ಸಾಕೆಟ್ ಸ್ನಾನದ ಮನೆಯ ಒಳಗೆ, ನೀರು ಅಥವಾ ಹಬೆ ತಗಲುವ ಜಾಗದಲ್ಲಿದ್ದರೆ ಅಲ್ಲಿ ಸ್ಮಾರ್ಟ್ ಪ್ಲಗ್ ಬೇಡ. ಸಾಕೆಟ್ ಸಡಿಲವಾಗಿದ್ದರೆ ಮೊದಲು ಅದನ್ನು ಬದಲಿಸಿ, ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿಕೊಳ್ಳಬೇಕು. ಸಂಪಿನ ಮೋಟರಿಗೂ ಇದನ್ನೇ ಹಾಕಬಹುದೇ ಎಂದು ಹಲವರು ಕೇಳುವುದುಂಟು. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಪ್ಲಗ್ಗಿನ ಒಳಗೆ ವಿದ್ಯುತ್ತನ್ನು ಜೋಡಿಸಿ ಬಿಡಿಸುವ ಸ್ವಿಚ್ಚಾದ ರಿಲೇಯ ಸಂಪರ್ಕಗಳು ಬೆಸೆದುಹೋಗಬಹುದು. ಅಲ್ಲಿ ಸ್ಟಾರ್ಟರ್ ಅಥವಾ ಕಾಂಟ್ಯಾಕ್ಟರ್ (ಭಾರೀ ಕರೆಂಟು ತಾಳುವ ಸ್ವಿಚ್) ಮೂಲಕವೇ ವ್ಯವಸ್ಥೆ ಮಾಡಿಸಬೇಕು.

ವೈಫೈಗೆ ಜೋಡಿಸುವುದು

ಬಹುತೇಕ ಸ್ಮಾರ್ಟ್ ಪ್ಲಗ್ಗುಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಗುರುತಿಸುತ್ತವೆ. ಇಂದಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಕೊಡುವುದರಿಂದ ಫೋನು 5ರಲ್ಲಿ ಇದ್ದುಕೊಂಡು, ಪ್ಲಗ್ಗು ಕಾಣದೆ, ಜೋಡಣೆ ಅರ್ಧಕ್ಕೆ ನಿಲ್ಲುವುದುಂಟು. ರೂಟರಿನ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಫೋನನ್ನು 2.4ರ ಹೆಸರಿಗೆ ಸೇರಿಸಿಕೊಳ್ಳುವುದು ಖಚಿತವಾದ ದಾರಿ. ಅದು ಕಷ್ಟವಾದರೆ ಜೋಡಣೆ ಮುಗಿಯುವವರೆಗೆ 5ನ್ನು ಆಫ್ ಮಾಡಿದರೂ ನಡೆಯುತ್ತದೆ. ರೂಟರಿನ ಭದ್ರತೆ ಡಬ್ಲ್ಯೂಪಿಎ3 ಮಾತ್ರ ಎಂದಿದ್ದರೆ ಹಳೆಯ ಪ್ಲಗ್ಗುಗಳು ಒಳಗೆ ಬರುವುದಿಲ್ಲ, ಅದನ್ನು ಡಬ್ಲ್ಯೂಪಿಎ2 ಕೂಡ ಒಪ್ಪುವಂತೆ ಬದಲಿಸಬೇಕು.

ಗೀಸರನ್ನು ಇನ್ನೂ ಸಿಕ್ಕಿಸದೆ, ರೂಟರಿಗೆ ಹತ್ತಿರದ 16 ಆಂಪಿಯರ್ ಸಾಕೆಟ್ಟಿಗೆ ಪ್ಲಗ್ಗನ್ನು ಹಾಕಿ. ಸಾಮಾನ್ಯವಾಗಿ ಅಡುಗೆಮನೆಯಲ್ಲಿ ಅಂಥದೊಂದು ಇರುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಖಾತೆ ತೆರೆದು, ಫೋನಿನ ಬ್ಲೂಟೂತ್ ಮತ್ತು ಲೊಕೇಷನ್ ಆನ್ ಮಾಡಿ, ಆ್ಯಪ್ ಕೇಳುವ ಅನುಮತಿಗಳನ್ನು ಕೊಡಿ. ಪ್ಲಗ್ಗಿನ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ದೀಪ ಬೇಗಬೇಗನೆ ಮಿನುಗತೊಡಗುತ್ತದೆ. ಜೋಡಣೆಗೆ ಅದು ಸಿದ್ಧವಾಗಿದೆ ಎಂಬುದರ ಸೂಚನೆ ಇದು. ಇದರಿಂದ ಆಗದಿದ್ದಾಗ ಇನ್ನೊಂದು ದಾರಿಯಿದೆ: ಪ್ಲಗ್ಗು ತಾನೇ ಒಂದು ಪುಟ್ಟ ವೈಫೈ ತೆರೆಯುತ್ತದೆ, ಫೋನನ್ನು ಅದಕ್ಕೆ ಸೇರಿಸಬೇಕು. ಆ ವೈಫೈಯಲ್ಲಿ ಇಂಟರ್ನೆಟ್ ಇರುವುದಿಲ್ಲವಾದ್ದರಿಂದ ಫೋನು ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಜಾರಿಬಿಡುತ್ತದೆ. ಅಷ್ಟು ಹೊತ್ತು ಡೇಟಾವನ್ನೂ, ಇದ್ದರೆ ವಿಪಿಎನ್ನನ್ನೂ ಆಫ್ ಮಾಡಿಡಿ.

ಮ್ಯಾಟರ್ ಎಂಬ ಸ್ಮಾರ್ಟ್ ಸಾಧನಗಳ ಮಾನದಂಡದ ಗುರುತಿರುವ ಪ್ಲಗ್ಗಾದರೆ ಅದರ ಮೇಲೆ ಕ್ಯೂಆರ್ ಚಿತ್ರವೂ 11 ಅಂಕಿಗಳ ಸಂಖ್ಯೆಯೂ ಇರುತ್ತವೆ. 2022ರಲ್ಲಿ ಬಂದ ಈ ಮಾನದಂಡದಿಂದಾಗಿ ಒಂದೇ ಪ್ಲಗ್ಗನ್ನು ಬೇರೆ ಬೇರೆ ಕಂಪನಿಗಳ ಆ್ಯಪ್‌ಗಳಿಗೆ ಸೇರಿಸಬಹುದು, ಮನೆಯೊಳಗಿನ ಆಜ್ಞೆಗಳು ದೂರದ ಸರ್ವರಿಗೆ ಹೋಗಿ ಬರಬೇಕಿಲ್ಲ. ಸಾಕೆಟ್ಟಿಗೆ ಸಿಕ್ಕಿಸಿದ ಮೇಲೆ ಆ ಚೀಟಿ ಗೋಡೆಯ ಕಡೆಗೆ ಮರೆಯಾಗಬಹುದು, ಆದ್ದರಿಂದ ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಸಮಯ ನಿಗದಿ

15 ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು 2000 ವ್ಯಾಟಿನ ಗೀಸರಿಗೆ ಹೆಚ್ಚುಕಡಿಮೆ 18 ನಿಮಿಷ, 25 ಲೀಟರಿಗೆ ಅರ್ಧ ಗಂಟೆ ಬೇಕು. ಬೆಳಿಗ್ಗೆ ಆರಕ್ಕೆ ಸ್ನಾನವೆಂದರೆ ಐದೂವರೆಗೆ ಆನ್, ಆರೂಕಾಲಿಗೆ ಆಫ್ ಎಂದು ಇಟ್ಟರೆ ಸಾಕು. ಇದರ ಜೊತೆಗೆ, ಯಾರು ಯಾವಾಗ ಆನ್ ಮಾಡಿದರೂ ಮುಕ್ಕಾಲು ಗಂಟೆಯ ನಂತರ ತಾನಾಗಿಯೇ ಆಫ್ ಆಗುವ ವ್ಯವಸ್ಥೆ ಆ್ಯಪ್‌ನಲ್ಲಿದ್ದರೆ ಅದನ್ನೂ ಹಾಕಬೇಕು. ಗೀಸರಿನ ಮಟ್ಟಿಗೆ ಸ್ಮಾರ್ಟ್ ಪ್ಲಗ್ಗಿನ ನಿಜವಾದ ಉಪಯೋಗ ಇದೇ.

ಕರೆಂಟು ಹೋಗಿ ಬಂದಾಗ ಪ್ಲಗ್ಗು ಯಾವ ಸ್ಥಿತಿಯಲ್ಲಿರಬೇಕೆಂಬ ಸೆಟ್ಟಿಂಗನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದು 'ಹಿಂದಿನ ಸ್ಥಿತಿ' ಎಂದಿದ್ದರೆ, ಬೆಳಿಗ್ಗೆ ನೀರು ಕಾಯುವಾಗ ಹೋದ ಕರೆಂಟು ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಬಂದಾಗ ಗೀಸರೂ ಆನ್ ಆಗುತ್ತದೆ. ಗೀಸರಿಗೆ 'ಆಫ್' ಎಂಬುದನ್ನೇ ಆರಿಸಿ. ನಿಗದಿಪಡಿಸಿದ ಸಮಯ ಪ್ಲಗ್ಗಿನ ಒಳಗೇ ಉಳಿಯುತ್ತದೆಯೋ ಇಂಟರ್ನೆಟ್ಟನ್ನು ಅವಲಂಬಿಸಿದೆಯೋ ಎಂಬುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಐದು ನಿಮಿಷದ ನಂತರ ಆಫ್ ಆಗುವಂತೆ ಇಟ್ಟು, ರೂಟರನ್ನು ಆಫ್ ಮಾಡಿ ಕಾದು ನೋಡಿದರೆ ತಿಳಿಯುತ್ತದೆ.

ಕೆಲಸ ನಿಂತಾಗ

ಆ್ಯಪ್‌ನಲ್ಲಿ 'ಆಫ್‌ಲೈನ್' ಎಂದು ಕಂಡಾಗ ವೈಫೈಯನ್ನು ದೂರುವ ಮೊದಲು ಗೋಡೆಯ ಸ್ವಿಚ್ಚನ್ನು ನೋಡಬೇಕು. ನಮ್ಮಲ್ಲಿ ಪ್ರತಿ ಸಾಕೆಟ್ಟಿಗೂ ಸ್ವಿಚ್ ಇದೆ, ಸ್ನಾನವಾದ ಮೇಲೆ ಗೀಸರಿನ ಸ್ವಿಚ್ ಆರಿಸುವ ಒಳ್ಳೆಯ ಅಭ್ಯಾಸ ಹಿರಿಯರಿಗೆಲ್ಲ ಇದೆ. ಆ ಸ್ವಿಚ್ ಆರಿದರೆ ಪ್ಲಗ್ಗಿಗೂ ಜೀವವಿರುವುದಿಲ್ಲ. ಮನೆಯವರಿಗೆಲ್ಲ ಪ್ಲಗ್ಗಿನ ಮೇಲಿನ ಬಟನ್ನನ್ನು ತೋರಿಸಿ, ಆರಿಸುವುದಾದರೆ ಅದನ್ನೇ ಒತ್ತಬೇಕೆಂದು ತಿಳಿಸುವುದು ಯಾವ ತಾಂತ್ರಿಕ ಉಪಾಯಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ.

ಸ್ವಿಚ್ ಆನ್ ಇದ್ದು ದೀಪ ಮಿನುಗುತ್ತಿದ್ದರೆ ವೈಫೈ ತಲುಪುತ್ತಿಲ್ಲವೆಂದು ಅರ್ಥ. ಫೋನನ್ನು ಅದೇ ಜಾಗದಲ್ಲಿ ಹಿಡಿದು 2.4ರ ಸಿಗ್ನಲ್ ಎಷ್ಟಿದೆ ನೋಡಿ; ಕಾಂಕ್ರೀಟ್ ಗೋಡೆಗಳೂ ಟೈಲ್ಸ್ ಹಾಕಿದ ಸ್ನಾನದ ಮನೆಯೂ ನಡುವೆ ಬಂದರೆ ಅದು ಕುಗ್ಗುತ್ತದೆ. ರೂಟರನ್ನು ಟಿವಿಯ ಹಿಂದಿನಿಂದ ಎತ್ತರದ ತೆರೆದ ಜಾಗಕ್ಕೆ ತಂದರೆ, ಅಪಾರ್ಟ್‌ಮೆಂಟ್‌ಗಳಲ್ಲಿ ರೂಟರಿನ ವೈಫೈ ಚಾನಲನ್ನು 1, 6, 11ರ ಪೈಕಿ ದಟ್ಟಣೆ ಕಡಿಮೆಯಿರುವುದಕ್ಕೆ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೊಸ ರೂಟರ್ ತಂದಿದ್ದರೆ ಅದಕ್ಕೂ ಹಳೆಯ ವೈಫೈ ಹೆಸರು, ಪಾಸ್‌ವರ್ಡುಗಳನ್ನೇ ಇಡಿ, ಪ್ಲಗ್ಗುಗಳು ಸಾಮಾನ್ಯವಾಗಿ ತಾವೇ ಮರಳಿ ಸೇರಿಕೊಳ್ಳುತ್ತವೆ. ಪೂರ್ತಿ ರಿಸೆಟ್ ಮಾಡಿದರೆ ನಿಗದಿಗಳೆಲ್ಲ ಅಳಿಸಿಹೋಗಬಹುದಾದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಆ್ಯಪ್‌ನಿಂದ ನಡೆಯುವ ಕೆಲಸ ಅಲೆಕ್ಸಾ ಅಥವಾ ಗೂಗಲ್‌ಗೆ ಹೇಳಿದಾಗ ಮಾತ್ರ ನಡೆಯದಿದ್ದರೆ ತೊಂದರೆ ಪ್ಲಗ್ಗಿನದಲ್ಲ. ಪ್ಲಗ್ ಕಂಪನಿಯ ಖಾತೆಯ ಪಾಸ್‌ವರ್ಡ್ ಬದಲಾಗಿದ್ದರೆ ಆ ಸಂಪರ್ಕವನ್ನು ಬಿಡಿಸಿ ಮತ್ತೆ ಜೋಡಿಸಬೇಕು. ಎರಡು ಸಾಧನಗಳಿಗೆ ಒಂದೇ ಹೆಸರಿದ್ದರೆ ಒಂದನ್ನು ಬದಲಿಸಬೇಕು.

ವೈಫೈಗೆ ಸಂಬಂಧವಿಲ್ಲದ ಎರಡು ಲಕ್ಷಣಗಳನ್ನು ಮಾತ್ರ ಮುಂದೂಡುವಂತಿಲ್ಲ. ಮೊದಲ ದಿನ ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಅಥವಾ ಸಾಕೆಟ್ಟಿನ ಅಂಚು ಕಂದುಬಣ್ಣಕ್ಕೆ ತಿರುಗಿದ್ದರೆ, ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. ಆ್ಯಪ್ 'ಆಫ್' ಎಂದು ತೋರಿಸುತ್ತಿದ್ದರೂ ಗೀಸರಿನ ದೀಪ ಉರಿಯುತ್ತಲೇ ಇದ್ದರೆ ರಿಲೇ ಅಂಟಿಕೊಂಡಿದೆ ಎಂದರ್ಥ. ತಟ್ಟಿದಾಗ ಅದು ಬಿಟ್ಟುಕೊಂಡರೂ ಮತ್ತೆ ಅಂಟುವುದು ಖಚಿತ, ಅಂಥ ಪ್ಲಗ್ಗನ್ನು ಚಿಕ್ಕ ದೀಪಕ್ಕೂ ಬಳಸದೆ ಬದಲಿಸಿಬಿಡಬೇಕು.